ಹೊಗೆ ತಿನ್ನುವ ದೆವ್ವ

ಗೋಕಾಕದ ಚುರಮರಿ ಓಣಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಜಿನದತ್ತನಿಗೆ ಒಂದೇ ಒಂದು ಚಟವಿತ್ತು. ಬೀಡಿ, ತಂಬಾಕಿನ ಚಟವಲ್ಲ. ಅವನ್ನು ಅವನು ಅಂಗಡಿಯಲ್ಲಿ ಮಾರುತ್ತಲೂ ಇರಲಿಲ್ಲ. ಅರ್ಧ ಕೇಳಿಸಿಕೊಂಡದ್ದನ್ನು ಇಡಿಯಾಗಿ ಹೇಳುವುದು ಅವನ ಚಟ. ಒಮ್ಮೆ ರೇಡಿಯೋದಲ್ಲಿ ಹವಾಮಾನದ ಸುದ್ದಿ ಬರುತ್ತಿದ್ದಾಗ ಗಿರಾಕಿಯೊಬ್ಬ ಸಕ್ಕರೆ ಕೇಳಿದ. ಸಕ್ಕರೆ ಕಟ್ಟಿ ಮುಗಿಸುವಷ್ಟರಲ್ಲಿ ಸುದ್ದಿಯೂ ಮುಗಿದಿತ್ತು. ಉಳಿದರ್ಧವನ್ನು ಜಿನದತ್ತ ತಾನೇ ತುಂಬಿಕೊಂಡ. ಸಂಜೆಯ ಹೊತ್ತಿಗೆ ಓಣಿಯವರೆಲ್ಲ ಘಟಪ್ರಭೆ ಉಕ್ಕಿ ಬರುತ್ತದೆಂದು ಜೋಳದ ಚೀಲಗಳನ್ನು ಅಟ್ಟಕ್ಕೆ ಹೊತ್ತರು. ನದಿ ಉಕ್ಕಲಿಲ್ಲ. ಚೀಲ ಇಳಿಸುವಾಗ ಜಿನದತ್ತನೂ ಹೆಗಲು ಕೊಟ್ಟದ್ದರಿಂದ ಯಾರೂ ಅವನನ್ನು ಏನೂ ಅನ್ನಲಿಲ್ಲ. ಅವನು ಒಳ್ಳೆಯ ಮನುಷ್ಯ ಎಂಬ ಬಗ್ಗೆ ಓಣಿಯಲ್ಲಿ ಎರಡು ಮಾತಿರಲಿಲ್ಲ.

ಹಳೆಯ ಶತಮಾನ ಮುಗಿಯಲು ಇನ್ನೊಂದು ವರ್ಷ ಬಾಕಿ ಇದ್ದ ಚಳಿಗಾಲ ಅದು. ಓಣಿಯ ತುದಿಗೆ ಶೆಟ್ಟೆಪ್ಪನ ಚುರಮರಿ ಭಟ್ಟಿ, ಮಂಡಕ್ಕಿ ಹುರಿಯುವ ದೊಡ್ಡ ಒಲೆ. ಮೊದಲೆಲ್ಲ ಅಲ್ಲಿ ಭತ್ತದ ಹೊಟ್ಟು ಸುಡುತ್ತಿದ್ದರು; ಹೊಗೆ ಬಂದರೂ ಅದಕ್ಕೆ ಒಂದು ಮರ್ಯಾದೆ ಇತ್ತು. ಈಚೆಗೆ ಹತ್ತರಗಿಯ ಹೆದ್ದಾರಿ ಗ್ಯಾರೇಜುಗಳಿಂದ ಸವೆದ ಲಾರಿ ಟೈರುಗಳು ಬಂದು ಬೀಳತೊಡಗಿದ್ದವು. ಶೆಟ್ಟೆಪ್ಪ ನಸುಕಿನಲ್ಲಿ ಭಟ್ಟಿ ಹೊತ್ತಿಸಿ ಬಿಸಿಲೇರುವ ಹೊತ್ತಿಗೆ ಆರಿಸಿಬಿಡುತ್ತಿದ್ದ. ಆ ಚಳಿಯಲ್ಲಿ ಹೊಗೆ ಮೇಲೇರುತ್ತಿರಲಿಲ್ಲ. ಚಿಮಣಿಯಿಂದ ಹೊರಬಿದ್ದು, ಗೋಡೆ ಹಿಡಿದು ಕೆಳಗಿಳಿದು, ಬಾಗಿಲು ಬಾಗಿಲಿಗೂ ನಿಂತು ಒಳಗೆ ಇಣುಕಿ ಮುಂದೆ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಓಣಿಯ ನಾಯಿಗಳು ಬೊಗಳುತ್ತಿರಲಿಲ್ಲ. ಕಾಗೆ ಕೂಗುತ್ತಿರಲಿಲ್ಲ. ಭಟ್ಟಿಯೊಳಗೆ ಕಾದ ಮರಳಿನಲ್ಲಿ ಅಕ್ಕಿ ಸಿಡಿಯುವ ಚಟಚಟ ಸದ್ದು ಮಾತ್ರ, ಯಾರೋ ಕಾಣದವರು ಬೆರಳು ಮುರಿಯುತ್ತಿದ್ದಂತೆ ಕೇಳಿಸುತ್ತಿತ್ತು.

ಈ ಹೊಗೆಯಿಂದ ನಿಜವಾಗಿ ಹಣ್ಣಾದವಳು ಜಿನದತ್ತನ ತಾಯಿ ಜಿನ್ನವ್ವ. ವ್ರತ ಹಿಡಿದು ಬಿಳಿ ಸೀರೆ ಉಡುವ, ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದ ಆ ಮುದುಕಿಗೆ ದಮ್ಮು ಅಂಟಿಕೊಂಡಿತ್ತು. ಡಾಕ್ಟರರು ಹಣೆ ಗಂಟಿಕ್ಕಿ ಹೇಳಿದ್ದರು: "ಭಟ್ಟಿ ಆರೂತನಾ ಅಜ್ಜಿ ಹಿಂದಿನ ಖೋಲಿ ಬಿಟ್ಟ ಹೊರಗ ಬರಬಾರದು. ಈ ಚಳಿಯೊಳಗ ಇನ್ನೊಮ್ಮಿ ಜೋರಾಗಿ ದಮ್ಮ ಹತ್ತಿದ್ರ ನನ್ನ ಕೈಯಾಗ ಏನೂ ಇಲ್ಲ."

ಬೆಲ್ಲದ ಬಾಗೇವಾಡಿಯ ಮಗಳ ಮನೆಗೆ ಹೋಗಿ ಇರು ಎಂದು ಜಿನದತ್ತ ಕೈಮುಗಿದು ಹೇಳಿ ನೋಡಿದ.

"ನಾ ಈ ಮನಿಗೆ ಸೊಸಿಯಾಗಿ ಬಂದಾಕಿ," ಎಂದಳು ಜಿನ್ನವ್ವ. "ಆ ಹೊಗಿ ನಿನ್ನೆ ಮೊನ್ನೆ ಬಂದದ್ದು. ಯಾರು ಹೋಗಬೇಕು, ನೀನ ಹೇಳು."

ಓಣಿಯವರು ಹಿಂದೊಮ್ಮೆ ಅರ್ಜಿ ಕೊಟ್ಟಾಗ ಬೆಳಗಾವಿಯಿಂದ ಪರಿಸರದ ಸಾಹೇಬರು ಬಂದಿದ್ದರು. ಬಂದದ್ದು ಮಟಮಟ ಮಧ್ಯಾಹ್ನ. ಭಟ್ಟಿ ತಣ್ಣಗಿತ್ತು, ಆಕಾಶ ನೀಲಿಯಾಗಿತ್ತು. ಶೆಟ್ಟೆಪ್ಪ ಕೊಟ್ಟ ಒಗ್ಗರಣೆ ಚುರಮರಿ ತಿಂದು, ಹೊಗೆ ಕಾಣಲಿಲ್ಲ ಎಂದು ಬರೆದುಕೊಂಡು ಹೋಗಿದ್ದರು. ಈ ಸಲ ಅವರಿಗೆ ಪತ್ರ ಹಾಕಿದವರು ಹೈಸ್ಕೂಲಿನ ವಿಜ್ಞಾನ ಸಂಘದ ಮಕ್ಕಳು, ಅವರ ಮುಂದಾಳು ಜಿನದತ್ತನ ಮಗಳು ಭಕ್ತಿ. ಎರಡು ವಾರ ಬಿಟ್ಟು ಬರುವ ಶನಿವಾರ ನಸುಕಿಗೇ ಬರುತ್ತೇನೆ, ಪುರಾವೆ ತೋರಿಸಿ ಎಂದು ಸಾಹೇಬರು ಉತ್ತರ ಬರೆದಿದ್ದರು. ಹಾಗಾಗಿ ಭಕ್ತಿ ಮತ್ತು ಎದುರುಮನೆಯ ವಿಶಾಲ ಸೇರಿ ಓಣಿಯುದ್ದಕ್ಕೂ ಕಿಟಕಿಯ ಸರಳಿಗೆ, ಬಾವಿಯ ಕಂಬಕ್ಕೆ, ಬೇವಿನ ಟೊಂಗೆಗೆ ಬಿಳಿ ರಟ್ಟುಗಳನ್ನು ತೂಗುಹಾಕಿದರು.

"ಅಪ್ಪಾ, ಇದಕ್ಕ ವ್ಯಾಸಲಿನ್ ಹಚ್ಚೇವಿ," ಎಂದು ಭಕ್ತಿ ಅಂಗಡಿಗೆ ಬಂದು ವಿವರಿಸಿದಳು. "ಗಾಳ್ಯಾಗಿನ ಮಸಿ ಬಂದು ಇದಕ್ಕ ಅಂಟ್ಕೋತೈತಿ. ಆಮ್ಯಾಲ ನಾವು..."

ಅಷ್ಟರಲ್ಲಿ ಯಾರೋ ಬೆಲ್ಲ ಕೇಳಿದರು. ಜಿನದತ್ತ ತಕ್ಕಡಿಯ ಕಡೆ ತಿರುಗಿದ. ಬೆಲ್ಲದ ಪೆಂಟೆ ಒಡೆದು, ತೂಗಿ, ಹಾಳೆಯಲ್ಲಿ ಕಟ್ಟಿ ಕೊಡುವಷ್ಟರಲ್ಲಿ ಮಗಳ ಮಾತು ಮುಗಿದಿತ್ತು. ಮಸಿ ರಟ್ಟಿಗೆ ಅಂಟಿಕೊಂಡರೆ ಗಾಳಿಯಲ್ಲಿ ಏನುಳಿಯಿತು? ಬರೀ ಗಾಳಿ. ಅಲ್ಲಿಗೆ ಉಳಿದರ್ಧ ಅವನಿಗೆ ಹೊಳೆದೇಹೋಯಿತು.

"ನಮ್ಮ ಭಕ್ತಿ ಗಾಳಿ ತೊಳಿಯೂ ರಟ್ಟ ಮಾಡ್ಯಾಳ್ರಿ," ಎಂದು ಅವನು ಮುಂದಿನ ಗಿರಾಕಿಗೆ ಹೇಳಿದ. ಸಂಜೆಯವರೆಗೆ ಬಂದವರಿಗೆಲ್ಲ ಹೇಳಿದ. ವಿಶಾಲನ ತಾಯಿ ಅಲ್ಲವ್ವ, "ಹಂಗಾದ್ರ ನಮ್ಮ ಅಡಗಿ ಮನಿಗೂ ಒಂದ ಕೊಡ್ರಿ ಕಾಕಾ, ಒಲಿ ಬಾಳ ಹೊಗಿಯಾಡತೈತಿ," ಎಂದಳು. ಕೇಳಿ ಜಿನದತ್ತನ ಎದೆ ಒಂದು ಗೇಣು ಉಬ್ಬಿತು.

ಮರುದಿನ ನಸುಕಿನಲ್ಲಿ ಅವನು ಎಂದಿನಂತೆ ಸ್ನಾನ ಮಾಡಿ, ಬಿಳಿ ಧೋತರ ಉಟ್ಟು, ಬಿಳಿ ಶಲ್ಯ ತಲೆತುಂಬ ಹೊದ್ದು, ಅಭಿಷೇಕದ ಹೊತ್ತಿಗೆ ಉಗುಳು ಸಿಡಿಯದಂತೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಸದಿಗೆ ಹೊರಟ. ಬಾಗಿಲಲ್ಲೇ ಮಗಳ ರಟ್ಟು ತೂಗುತ್ತಿತ್ತು. ಆಗಲೇ ಕಪ್ಪಿಟ್ಟಿತ್ತು. ಹತ್ತಿರ ಹೋಗಿ ನೋಡಿದರೆ ಆ ಕಪ್ಪಿನೊಳಗೆ ಏನೋ ಅಲುಗುತ್ತಿತ್ತು. ಒಂದು ಸೊಳ್ಳೆಯ ಕಾಲು. ಅದರ ಪಕ್ಕ ಒಂದು ಪತಂಗ, ಅದರ ಕೆಳಗೆ ಹೆಸರಿಲ್ಲದ ಸಣ್ಣ ಹುಳಗಳ ಒಂದು ಸಂಸಾರ, ಎಲ್ಲವೂ ಜಿಡ್ಡಿನಲ್ಲಿ ಸಿಕ್ಕು ಒದ್ದಾಡುತ್ತಿದ್ದವು.

ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಮತ್ತೆ ಬಾವಿಗೆ ಜಾಲಿಸಿ ಕಾಣದ ಜೀವಗಳನ್ನು ಅವುಗಳ ಮನೆಗೆ ಕಳಿಸಿಕೊಡುವ ಮನೆತನ ಜಿನದತ್ತನದು. ಈಗ ಅದೇ ಮನೆಯ ಬಾಗಿಲಲ್ಲಿ ಮಗಳು ಉರುಲು ಹಾಕಿಟ್ಟಿದ್ದಾಳೆ. ಅವನು ಹತ್ತಿಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಒಂದೊಂದೇ ಜೀವವನ್ನು ಬಿಡಿಸಿ, "ಕ್ಷಮಾ ಮಾಡ್ರಪಾ, ತಿಳೀಲಾರದ ಹುಡುಗಿ," ಎಂದು ಉಫ್ ಎಂದು ಊದಿ ಹಾರಿಸಿದ. ಕೊಳೆಯಾದ ರಟ್ಟು ಗಾಳಿಯನ್ನು ಹೇಗೆ ತೊಳೆದೀತು ಎಂದು ಅದನ್ನು ಬೆಳ್ಳಗೆ ಒರೆಸಿದ. ಮಗಳ ವಿಜ್ಞಾನಕ್ಕೂ ಊನವಾಗಬಾರದೆಂದು ತುಸು ವ್ಯಾಸಲಿನ್ನನ್ನೂ ಸವರಿದ. ತಲೆಯೆತ್ತಿದರೆ ಹೊಗೆಯೊಳಗೆ ಅಲ್ಲವ್ವನ ಕಿಟಕಿಯ ರಟ್ಟು ಕಂಡಿತು. ಅಲ್ಲಿಯೂ ಜೀವಗಳಿದ್ದವು. ಅದರಾಚೆ ಇನ್ನೊಂದು. ಹೀಗೆ ಅವನು ಮಸಿ ಹತ್ತಿದ ಕೈಯಿಂದ ಗೋಡೆ ತಡವುತ್ತ, ಗೊಣಗುತ್ತ, ಊದುತ್ತ ಓಣಿಯ ತುದಿಯವರೆಗೂ ಹೋಗಿ ಬಸದಿಯ ಬಾವಿಯಲ್ಲಿ ಕೈ ತೊಳೆದುಕೊಂಡ. ದಿನವೂ ಇದೇ ನಡೆಯಿತು. ಯಾರಿಗೂ ಹೇಳಲಿಲ್ಲ. ಹೇಳಿಕೊಂಡ ಪುಣ್ಯ ಅರ್ಧವಾಗುತ್ತದೆ ಎಂದು ಎಲ್ಲೋ ಅರ್ಧ ಕೇಳಿಸಿಕೊಂಡಿದ್ದ.

ಒಂದು ದಿನ ಅಂಗಡಿ ತೆರೆಯುವ ಮೊದಲೇ ಅಲ್ಲವ್ವ ಬಂದು ಕಟ್ಟೆಯ ಮೇಲೆ ಕುಸಿದು ಕುಳಿತಳು.

"ಕಾಕಾ, ಓಣ್ಯಾಗ ದೆವ್ವ ಬಂದೈತಿ. ಅಂಗಳಕ್ಕ ನೀರ ಹಾಕಾಕ ಬಾಗಲಾ ತಗದ್ನಿ. ಎದುರಿಗೇ ನಿಂತಿತ್ತು. ಅಡಿಯಿಂದ ಮುಡಿತನಾ ಬಿಳೇದು. ಮಾರಿ ಇಲ್ಲ. ಮಾರಿ ಇರೂ ಜಾಗದಾಗ ಬರೇ ಬಟ್ಟಿ."

ಜಿನದತ್ತ ಅಂಗಡಿಯ ಬೀಗ ಬಿಟ್ಟು ಅವಳ ಪಕ್ಕಕ್ಕೆ ಬಂದ. "ಎಷ್ಟ ಎತ್ತರ?"

"ನಮ್ಮ ಮಾಳಗಿಗೆ ತಲಿ ಹತ್ತಿತ್ತು ನೋಡ್ರಿ. ರಟ್ಟಿನ ಮುಂದ ನಿಂತು ಏನೋ ಮಾತಾಡತು. ಆಮ್ಯಾಲ ಉಫ್ ಅಂತು. ರಟ್ಟ ಬೆಳ್ಳಗಾತು. ಅದು ಹೊಗಿ ತಿಂತೈತ್ರಿ."

"ಯಾವಾಗ ಇದು?"

"ನೀವು ಬಸ್ತಿಗೆ ಹೋಗೂ ಹೊತ್ತಿಗೇ."

"ನಾ ಅದ ಓಣ್ಯಾಗ ಇದ್ನಲ್ಲ. ನನಗ ಕಾಣಲಿಲ್ಲಲ್ಲ."

ಅಲ್ಲವ್ವ ದನಿ ತಗ್ಗಿಸಿದಳು. "ಹಂಗಾದ್ರ ಅದು ನಿಮ್ಮ ಬೆನ್ನ ಹಿಂದ ಇತ್ತು."

ಆ ದಿನ ಜಿನದತ್ತ ಉಪ್ಪು ಕೇಳಿದವರಿಗೆ ಸೋಡಾ ಕಟ್ಟಿಕೊಟ್ಟ. ಮರುದಿನ ಬಸದಿಗೆ ಹೋಗಲು ಕಾಲೇ ಏಳಲೊಲ್ಲದು. ಆದರೆ ಹುಳಗಳು ಕಾಯುತ್ತಿದ್ದವಲ್ಲ. ಅವನು ಧೈರ್ಯಕ್ಕೆಂದು ಣಮೋಕಾರ ಮಂತ್ರವನ್ನು ಗಟ್ಟಿಯಾಗಿ ಹೇಳತೊಡಗಿದ. ಬಾಯಿಗೆ ಕಟ್ಟಿದ ಬಟ್ಟೆಯೊಳಗಿಂದ ಅದು ಯಾರೋ ನರಳಿದಂತೆ ಹೊರಬಂತು. ದೆವ್ವ ಬೆನ್ನ ಹಿಂದಿದೆ ಎಂಬುದು ಖಾತ್ರಿಯಾಗಿದ್ದರಿಂದ, ಬೆನ್ನನ್ನು ಮುಂದಕ್ಕೂ ಮುಖವನ್ನು ಹಿಂದಕ್ಕೂ ಮಾಡಿಕೊಂಡು ಓಣಿಯುದ್ದಕ್ಕೂ ಹಿಮ್ಮುಖ ನಡೆದ. ಅಂದು ಮುಂಜಾನೆಯೇ ಓಣಿಗೆ ಸುದ್ದಿ ಹಬ್ಬಿತು. ದೆವ್ವ ನರಳತೊಡಗಿದೆ. ಅದರ ಪಾದ ಹಿಂದುಮುಂದು ಇವೆ. ಅನುಮಾನವಿದ್ದವರಿಗೆ ಗೋಡೆಯ ಮೇಲೆ ಕರಿ ಅಂಗೈಯ ಗುರುತುಗಳೂ ಇದ್ದವು.

ಶೆಟ್ಟೆಪ್ಪ ತಡಮಾಡಲಿಲ್ಲ. ಭೂತ ಬಿಡಿಸುವ ದೇವರಿಷಿ ರಾಯಪ್ಪನನ್ನು ಮೂಡಲಗಿಯಿಂದ ತಾನೇ ಕರೆಸಿದ, ತನ್ನ ಮನೆಯಲ್ಲೇ ಹೋಳಿಗೆ ಊಟ ಹಾಕಿಸಿದ. ಹೊತ್ತಿಳಿಯುವಾಗ ರಾಯಪ್ಪ ಓಣಿಯ ನಡುವೆ ಕುಳಿತು, ನಿಂಬೆಹಣ್ಣು ಕೊಯ್ದು, ಹೊಟ್ಟೆ ನೀವಿಕೊಂಡು ನುಡಿದ:

"ಇದು ಉಸರ ಸಿಗಲಾರದ ಸತ್ತದ್ದು. ಅದಕ್ಕ ಹೊಗಿ ಅಂದ್ರ ಅನ್ನ. ಹೊಗಿ ತಿಂದು ಹೋಗತೈತಿ, ನಿಮ್ಮನ್ನ ಮುಟ್ಟೂದಿಲ್ಲ. ಆದ್ರ ಭಟ್ಟಿ ಬಂದ್ ಮಾಡಿದಿರೋ, ಅದಕ್ಕ ಹಸಿವಾಗತೈತಿ. ಆಮ್ಯಾಲ ಅದು ಏನ ತಿಂತೈತಿ ಅಂತ ನನ್ನ ಕೇಳಬ್ಯಾಡ್ರಿ."

ಯಾರೂ ಕೇಳಲಿಲ್ಲ. ಅಂದಿನಿಂದ ಹೊಗೆಯ ಬಗ್ಗೆ ಓಣಿಯಲ್ಲಿ ಒಂದು ಪಿಟ್ಟೆಂಬ ಮಾತಿಲ್ಲ. ಶೆಟ್ಟೆಪ್ಪ ದೆವ್ವದ ಪಾಲು ಎಂದು ದಿನಾಲು ಇನ್ನೊಂದು ಟೈರು ಹೆಚ್ಚಿಗೆ ಒಗೆದ. ಹೊಗೆ ಮನೆಗಳ ಒಳಕೋಣೆಗೂ ನುಗ್ಗಿತು. ಹಿಂದಿನ ಖೋಲಿಯಿಂದ ಜಿನ್ನವ್ವನ ಕೆಮ್ಮು ಅಂಗಡಿಯವರೆಗೂ ಕೇಳಿಸತೊಡಗಿತು. ಮೊದಲು ಒಂದು ಸಿಳ್ಳೆಯಂಥ ಎಳೆತ, ಆಮೇಲೆ ಕೆಮ್ಮು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಜಿನದತ್ತ ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಮುಂದಿನ ಉಸಿರಿಗಾಗಿ ಕಾಯುತ್ತಿದ್ದ.

ಅಂಥದೊಂದು ಸಂಜೆ ಭಕ್ತಿ ಬಿಳಿ ರಟ್ಟೊಂದನ್ನು ತಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಅತ್ತಳು.

"ಯಾಕವಾ, ಬೆಳ್ಳಗs ಐತಲ್ಲ, ಚಲೋ ತೊಳಿಯಾಕತ್ತೈತಿ," ಎಂದ ಜಿನದತ್ತ.

"ಏನ ತೊಳಿಯೂದಪ್ಪಾ? ಇದು ಕರ್ರಗ ಆಗಬೇಕು. ಎಷ್ಟ ಕರ್ರಗ ಆಗತೈತಿ ಅಷ್ಟ ಹೊಗಿ ನಾವ ಕುಡ್ಯಾಕತ್ತೇವಿ ಅಂತ ಲೆಕ್ಕ. ಸಾಹೇಬರ ಬಂದಾಗ ಬೆಳ್ಳಗಿದ್ರ ಗಾಳಿ ಚೊಕ್ಕ ಐತಿ ಅಂತ ಬರದ ಹೋಗತಾರ. ಮತ್ತ ಯಾರೂ ನಮ್ಮ ಮಾತ ಕೇಳೂದಿಲ್ಲ. ಆಯಿ ಈ ಚಳಿ ದಾಟೂದಿಲ್ಲಪ್ಪಾ."

ಈ ಸಲ ಗಿರಾಕಿಗಳಿರಲಿಲ್ಲ. ಮಾತು ಪೂರ್ತಿಯಾಗಿ ಕೇಳಿಸಿತು. ಜಿನದತ್ತ ಎದ್ದು ಓಣಿಗೆ ಬಂದ. ಮುಸ್ಸಂಜೆಯ ಬೆಳಕಿನಲ್ಲಿ ಅಲ್ಲವ್ವನ ಗೋಡೆಯ ಮೇಲೆ ದೆವ್ವದ ಅಂಗೈ ಕಪ್ಪಗೆ ಕಾಣುತ್ತಿತ್ತು. ಇಷ್ಟು ದಿನ ಅವನು ಅದನ್ನು ಹತ್ತಿರದಿಂದ ನೋಡುವ ಧೈರ್ಯ ಮಾಡಿರಲಿಲ್ಲ. ಈಗ ಅದೇನೋ ಎಳೆದಂತಾಗಿ ಹತ್ತಿರ ಹೋದ. ಹಿಂದೆಂದೋ ತೂಕದ ಕಲ್ಲು ಬಿದ್ದು ಅವನ ಕಿರುಬೆರಳು ಹೊರಕ್ಕೆ ಸೊಟ್ಟಗಾಗಿತ್ತು. ದೆವ್ವದ ಕಿರುಬೆರಳೂ ಹೊರಕ್ಕೆ ಸೊಟ್ಟಗಿತ್ತು. ಅವನು ತನ್ನ ಕೈಯನ್ನು ಆ ಗುರುತಿನ ಮೇಲಿಟ್ಟ. ಕೈ ಅದರೊಳಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಕುಳಿತಿತು.

ದೆವ್ವ ತನ್ನ ಕೈ ಕದ್ದಿದೆ ಎಂಬುದು ಅವನಿಗೆ ಬಂದ ಮೊದಲ ವಿಚಾರ. ಎರಡನೆಯ ವಿಚಾರ ಬರಲು ತುಸು ಹೊತ್ತು ಹಿಡಿಯಿತು. ಬಂದ ಮೇಲೆ ಅವನು ಅಲ್ಲೇ ಗೋಡೆಗೊರಗಿ ಕುಳಿತುಬಿಟ್ಟ. ದೆವ್ವವಿಲ್ಲ ಎಂಬ ನಿರಾಳ ಒಂದು ಕಡೆ, ಮಾಳಿಗೆಯೆತ್ತರಕ್ಕೆ ಬೆಳೆದಿದ್ದೆನಲ್ಲ ಎಂಬ ಸಣ್ಣ ಹೆಮ್ಮೆ ಇನ್ನೊಂದು ಕಡೆ, ಅವ್ವನ ಉಸಿರನ್ನು ತನ್ನ ಕೈಯಿಂದಲೇ ಒರೆಸಿ ಹಾಕುತ್ತಿದ್ದೆನೆಂಬ ಸಂಕಟ ಎಲ್ಲಕ್ಕೂ ಮೇಲೆ. ಮಗಳಿಗೆ ಹೇಳಿಬಿಡಬೇಕೆಂದು ಮನೆಗೆ ಬಂದ. ಅತ್ತು ಕೆಂಪಾದ ಅವಳ ಮುಖ ನೋಡಿ ನಾಲಿಗೆ ಏಳಲಿಲ್ಲ. ನಾಳೆಯಿಂದ ರಟ್ಟು ಮುಟ್ಟುವುದಿಲ್ಲ, ಶನಿವಾರದೊಳಗೆ ಅವು ತಾವೇ ಕಪ್ಪಾಗುತ್ತವೆ, ಹೇಳುವ ಗೊಡವೆ ಏಕೆ ಎಂದು ಸಮಾಧಾನ ಮಾಡಿಕೊಂಡ. ಹುಳಗಳಿಗೆ ಮನಸ್ಸಿನಲ್ಲೇ ಕೈಮುಗಿದ.

ಮರುದಿನ ಬೇರೆ ಓಣಿ ಸುತ್ತು ಹಾಕಿ ಬಸದಿಗೆ ಹೋಗಿ ಬಂದ. ಬರುವಾಗ ಅಲ್ಲವ್ವನ ಮನೆಯ ಮುಂದೆ ಗುಂಪು ಸೇರಿತ್ತು.

"ಇವತ್ತೂ ಬಂದಿತ್ರಿ ಕಾಕಾ," ಎಂದಳು ಅಲ್ಲವ್ವ. "ಎಲ್ಲಾ ರಟ್ಟ ತಿಂದ ಬೆಳ್ಳಗ ಮಾಡಿ ಹೋಗೈತಿ. ಆದ್ರ ದೆವ್ವ ಸಣ್ಣದಾಗೈತಿ ನೋಡ್ರಿ."

ಗೋಡೆಯ ಮೇಲೆ, ಅವನ ಅಂಗೈಯ ಗುರುತಿನ ಪಕ್ಕದಲ್ಲೇ, ಹಸಿ ಮಸಿಯ ಹೊಸ ಗುರುತು ಮೂಡಿತ್ತು. ಚಿಕ್ಕದು. ಬೆರಳುಗಳು ಕಡ್ಡಿಯಂತೆ ತೆಳ್ಳಗೆ.

ಓಣಿಯವರು ಇದಕ್ಕೆ ಅಷ್ಟೇನೂ ಹೆದರಲಿಲ್ಲ. ಬರೀ ಹೊಗೆ ತಿಂದರೆ ಯಾರು ತಾನೇ ಸೊರಗುವುದಿಲ್ಲ ಎಂದು ಅಲ್ಲವ್ವ ಮರುಗಿದಳು. ಹೆದರಿದವನು ಜಿನದತ್ತ. ಓಣಿಯವರಿಗೆ ಇದು ಹಳೆಯ ದೆವ್ವ. ಹಳೆಯ ದೆವ್ವ ಯಾರೆಂದು ಗೊತ್ತಿದ್ದವನು ಅವನೊಬ್ಬನೇ. ಆದ್ದರಿಂದ ಇದು ಅದಲ್ಲ ಎಂದು ಗೊತ್ತಿದ್ದವನೂ ಅವನೊಬ್ಬನೇ. ಯಾರ ಮುಂದೆ ಹೇಳಿಕೊಳ್ಳಲೂ ಬಾರದು. ಮುಂದಿನ ದಿನವೂ ರಟ್ಟು ಬೆಳ್ಳಗಿದ್ದವು, ಗೋಡೆಯ ಮೇಲೆ ಇನ್ನಷ್ಟು ಸಣ್ಣ ಕೈಗಳಿದ್ದವು. ಒಂದು ಅವನ ಮನೆಯ ಬಾಗಿಲ ಚೌಕಟ್ಟಿನ ಮೇಲೆಯೇ ಇತ್ತು. ಅವನಿಗೆ ಜ್ವರ ಬಂತು. ಕಂಬಳಿ ಹೊದ್ದು ಮಲಗಿದವನ ಬಳಿಗೆ ಜಿನ್ನವ್ವ ಗೋಡೆ ಹಿಡಿದುಕೊಂಡು ಬಂದು ಹಣೆ ಮುಟ್ಟಿದಳು.

"ದೆವ್ವ ಗಿವ್ವ ಎಲ್ಲಿವೋ ಮಗನ. ಮಾಡೂ ಪುಣ್ಯೇದ ಕೆಲಸ ಬಿಡಬಾರದು ನೋಡು. ಬಿಟ್ರ ಹಿಂಗ ಜ್ವರ ಬರತಾವು," ಎಂದು ಕೆಮ್ಮುತ್ತ ಹೋದಳು. ಅವ್ವ ಬಸದಿಯ ಮಾತಾಡುತ್ತಿದ್ದಾಳೆ ಎಂದು ಜಿನದತ್ತ ಎಂದಿನಂತೆ ಉಳಿದರ್ಧ ತುಂಬಿಕೊಂಡ.

ಶನಿವಾರ ನಸುಕಿನಲ್ಲಿ ಭಕ್ತಿ ಅವನನ್ನು ಎಬ್ಬಿಸಿದಳು. "ಅಪ್ಪಾ ಏಳು. ಸಾಹೇಬರು ಗೋಕಾಕ ಫಾಲ್ಸ್‌ನ ಬಂಗ್ಲೆದಾಗ ಇಳದಾರ. ಈಗ ಬರತಾರ. ನಿನ್ನೆ ಸಂಜಿಕ ಹೊಸಾ ರಟ್ಟ ಹಾಕೇವಿ. ದೆವ್ವ ಇರಲಿ ಕಳ್ಳ ಇರಲಿ, ಇವತ್ತ ಮುಟ್ಟಾಕ ಬಿಡೂದಿಲ್ಲ. ನಾನೂ ವಿಶಾಲೂ ಕಾಯಾಕತ್ತೇವಿ. ನೀನೂ ಬಾ."

ಅವನು ಹೋದ. ಹದಿನಾಲ್ಕರ ಹುಡುಗಿಯನ್ನು ದೆವ್ವದ ಬಾಯಿಗೆ ಕಳಿಸಿ ಕಂಬಳಿಯೊಳಗೆ ಮಲಗುವಷ್ಟು ಹೇಡಿ ಅವನಾಗಿರಲಿಲ್ಲ. ಅವಳ ಹಿಂದೆ ನಿಂತುಕೊಳ್ಳುವಷ್ಟು ಹೇಡಿಯಾಗಿದ್ದ, ಅಷ್ಟೇ. ಮೂವರೂ ಬೇವಿನ ಮರದ ಬುಡಕ್ಕೆ ಆತು ನಿಂತರು. ಭಟ್ಟಿ ಹೊತ್ತಿತು. ಹೊಗೆ ಇಳಿದು ಬಂತು. ಮೊದಲು ಭಟ್ಟಿ ಕಾಣದಾಯಿತು, ಆಮೇಲೆ ಬಾವಿ, ಆಮೇಲೆ ಎದುರಿನ ಮನೆ, ಕೊನೆಗೆ ತಮ್ಮದೇ ಪಾದ. ಕರಿ ಚಿಂದಿಗಳು ಸದ್ದಿಲ್ಲದೆ ಹೆಗಲ ಮೇಲೆ ಉದುರತೊಡಗಿದವು.

ಆಗ ಅದು ಬಂತು.

ಬಾವಿಯ ಕಡೆಯಿಂದ, ನೆಲಕ್ಕೆ ಕಾಲು ತಾಗುತ್ತಿದೆಯೋ ಇಲ್ಲವೋ ಎಂಬಂತೆ, ಗೋಡೆಯನ್ನು ಕೈಯಿಂದ ತಡವುತ್ತ ಬಂತು. ಸಣ್ಣದು. ಬೆಳ್ಳಗೆ. ಮುಖವಿರುವ ಕಡೆ ಬರೀ ಬಟ್ಟೆ. ಕಂಬದ ರಟ್ಟಿನ ಮುಂದೆ ನಿಂತು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಗ್ಗಿ ನೋಡಿತು. ಏನನ್ನೋ ಹೆಕ್ಕಿತು. ಉಫ್ ಎಂದು ಊದಿತು. ವಿಶಾಲ ಕಣ್ಣು ಮುಚ್ಚಿಕೊಂಡ. ಜಿನದತ್ತ ಭಕ್ತಿಯ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಿಳಿ ಆಕೃತಿ ಮೆಲ್ಲಗೆ ಅವರ ಕಡೆಗೇ ತಿರುಗಿತು, ಎರಡು ಹೆಜ್ಜೆ ಮುಂದೆ ಬಂತು, ನಿಂತಿತು. ಅದರ ಎದೆಯೊಳಗಿಂದ ಒಂದು ಸಿಳ್ಳೆಯಂಥ ಎಳೆತ ಹೊರಟಿತು.

ಆ ಎಳೆತವನ್ನು ಜಿನದತ್ತ ಬಲ್ಲ. ಅದರ ಹಿಂದೆ ಬರುವ ಕೆಮ್ಮನ್ನೂ ಬಲ್ಲ. ಅವನು ಮರ ಬಿಟ್ಟು ಓಡಿದ.

"ಅವ್ವಾ, ನೀ ಇಲ್ಲಿ ಯಾಕ ಬಂದಿ?"

ಜಿನ್ನವ್ವ ಬಾಯಿಯ ಬಟ್ಟೆ ಸರಿಸಿದಳು. ಮಾತಾಡಲು ಉಸಿರು ಕೂಡಿಸಿಕೊಳ್ಳಬೇಕಾಯಿತು. "ನೀ ಬಿಟ್ಟಿ. ಅದಕ್ಕ ನಾ ಬಂದ್ನಿ. ದಿನಾ ಕಿಟಕ್ಯಾಗಿಂದ ನೋಡತಿದ್ನಿ, ನನ್ನ ಮಗಾ ಒಂದೊಂದ ಜೀವಾ ಬಿಡಿಸಿ ಹಾರಸಾಕತ್ತಾನ ಅಂತ. ಎಷ್ಟ ಹಿಗ್ಗಿತ್ತು ಗೊತ್ತೇನು. ಆಮ್ಯಾಲ ನೀ ಹೆದರಿ ಬಿಟ್ಟಿ. ನೀ ಬಿಟ್ರೇನು, ಅವು ಸಾಯಾಕತ್ತಿದ್ದವಲ್ಲ."

ಭಕ್ತಿ ತಂದೆಯನ್ನೇ ನೋಡುತ್ತ ನಿಂತಳು. "ಮೊದಲ ಒರಸಿದಾಂವಾ ನೀನ ಏನಪ್ಪಾ?"

"ಹುಳಾ ಸಾಯಾಕತ್ತಿದ್ದವ್ವಾ..." ಎಂದ ಜಿನದತ್ತ.

"ಆಯಿ ಸಾಯಾಕತ್ತಾಳಪ್ಪಾ," ಎಂದಳು ಭಕ್ತಿ. ಗಟ್ಟಿಯಾಗಿ ಹೇಳಲಿಲ್ಲ. ಅದೇ ಅವನಿಗೆ ಹೆಚ್ಚು ನಾಟಿತು.

ಅಷ್ಟರಲ್ಲಿ ಜೀಪಿನ ದೀಪಗಳು ಹೊಗೆ ಸೀಳಿಕೊಂಡು ಬಂದವು. ಜೀಪು ಕಂಡಕೂಡಲೇ ಶೆಟ್ಟೆಪ್ಪ ಭಟ್ಟಿಯ ಬಾಯಿಗೆ ತಗಡು ಮುಚ್ಚಿಸಿ, ಕೈಯಲ್ಲಿ ಚುರಮರಿಯ ತಾಟು ಹಿಡಿದು ಹಾಜರಾದ. ಓಣಿಯೆಲ್ಲ ಹೊರಗೆ ಬಂತು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಇಳಿದು, ಒಂದೊಂದೇ ರಟ್ಟಿಗೆ ಬ್ಯಾಟರಿ ಬೆಳಕು ಬಿಟ್ಟರು. ಕೆಲವು ಜಿನ್ನವ್ವ ಒರೆಸಿದವು, ಉಳಿದ ಹೊಸವಕ್ಕೆ ಹೊಗೆ ಆಗಷ್ಟೇ ತಾಗತೊಡಗಿತ್ತು; ಒಂದೊಂದೂ ಹಾಲಿನಂತೆ ಬೆಳ್ಳಗಿತ್ತು.

"ನೋಡ್ರಿ ಸಾಹೇಬ್ರ," ಎಂದ ಶೆಟ್ಟೆಪ್ಪ. "ಈಗಿಂದು ಚಳಿ ಮಂಜು. ಸಾಲಿ ಹುಡುಗರು, ತಿಳೀಲಾರದ ಬರದಾವು. ಚುರಮರಿ ತಗೋರಿ."

ಸಾಹೇಬರು ಪೆನ್ನು ತೆಗೆದರು. ಜಿನದತ್ತ ಜನರನ್ನು ಸರಿಸಿಕೊಂಡು ಮುಂದೆ ಬಂದು ಕೈಮುಗಿದ.

"ಬರೀಬ್ಯಾಡ್ರಿ ಸಾಹೇಬ್ರ. ರಟ್ಟ ಒರಸಿದಾಂವ ನಾನು. ಓಣ್ಯಾಗಿನ ದೆವ್ವ ನಾನ."

ಅಲ್ಲವ್ವ ಕನಿಕರದಿಂದ ಅವನ ಮುಖ ನೋಡಿದಳು. "ಕಾಕಾಗ ಜ್ವರ ನೆತ್ತಿಗೇರೈತ್ರಿ. ನಾ ಕಣ್ಣಾರೆ ನೋಡೀನಿ, ದೆವ್ವ ಮಾಳಗಿ ಎತ್ತರ ಇತ್ತು. ಕಾಲ ಹಿಂದಮುಂದ ಇದ್ದವು."

"ನಾ ಹಿಂದಕ್ಕ ನಡೀತಿದ್ನಿ ಅಲ್ಲವ್ವಾ, ನಿಮ್ಮ ದೆವ್ವಕ್ಕ ಹೆದರಿ."

"ದೆವ್ವ ದೆವ್ವಕ್ಕ ಹೆದರತೈತೇನ್ರಿ?" ಎಂದು ಶೆಟ್ಟೆಪ್ಪ ಸಾಹೇಬರ ಕಡೆ ನೋಡಿ ನಕ್ಕ. "ಪಾಪ, ಅವರವ್ವಗ ಆರಾಮಿಲ್ಲ. ಅದಕ್ಕ ಹಿಂಗ ಏನೇನೋ ಅಂತಾರ."

ಜಿನದತ್ತ ತೋರಿಸಿಯೇ ಬಿಡುತ್ತೇನೆಂದು ಹಿಮ್ಮುಖ ನಡೆಯತೊಡಗಿ ಜೀಪಿಗೆ ಡಿಕ್ಕಿ ಹೊಡೆದು ಕುಳಿತ. ಹುಟ್ಟಿದಾಗಿನಿಂದ ಅವನು ಹೇಳಿದ ಅರ್ಧಂಬರ್ಧವನ್ನೆಲ್ಲ ನಂಬಿದ್ದ ಓಣಿ, ಪೂರ್ತಿ ಸತ್ಯ ಹೇಳಿದ ದಿನ ಅವನನ್ನು ನಂಬಲಿಲ್ಲ. ಅವನಿಗೆ ಅಳು ಬಂತು. ಸಾಹೇಬರು ಪೆನ್ನಿನ ಮುಚ್ಚಳ ಬಿಚ್ಚಿದರು.

ಆಗ ಜಿನ್ನವ್ವನಿಗೆ ದಮ್ಮು ಹತ್ತಿತು. ಮೊದಲು ಎಳೆತ. ಆಮೇಲೆ ಕೆಮ್ಮು. ಭಕ್ತಿ ಅವಳನ್ನು ತಬ್ಬಿ ಹಿಡಿದಳು. ಕೆಮ್ಮು ನಿಂತಿತು, ಉಸಿರೂ ನಿಂತಿತು. ಓಣಿಯೆಲ್ಲ ಆ ಮುದುಕಿಯ ತೆರೆದ ಬಾಯಿಯನ್ನೇ ನೋಡುತ್ತ ನಿಂತಿತು. ಶೆಟ್ಟೆಪ್ಪನ ತಾಟಿನಿಂದ ಚುರಮರಿ ಉದುರುತ್ತಿದ್ದರೂ ಅವನಿಗೆ ಗೊತ್ತಾಗಲಿಲ್ಲ. ಕೊನೆಗೆ ಎದೆ ಏರಿತು. ಇನ್ನೊಂದು ಕೆಮ್ಮು ಬಂತು. ಜಿನ್ನವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಬಿಳಿ ಸೆರಗಿನ ಮೇಲೆ ಅಂಗೈಯಗಲ ಕಪ್ಪು ಬಿತ್ತು.

ಸಾಹೇಬರು ಬ್ಯಾಟರಿ ಬೆಳಕನ್ನು ಅದರ ಮೇಲೆ ಹಿಡಿದರು. ಬಹಳ ಹೊತ್ತು ಹಿಡಿದರು. ಆಮೇಲೆ ಮೂಗಿನ ಕರವಸ್ತ್ರವನ್ನು ತೆಗೆದು ಅದನ್ನೂ ನೋಡಿದರು. ಪೆನ್ನು ಜೇಬಿಗೆ ಹೋಯಿತು.

"ಅಜ್ಜಿ, ಈ ಸೆರಗು ನನಗ ಬೇಕಾಗತೈತಿ. ಬೆಳಗಾವಿಗೆ ಒಯ್ದು ದೊಡ್ಡ ಸಾಹೇಬರಿಗೆ ತೋರಸಬೇಕು."

"ಹರದು ಕೊಡಾಕ ಬರೂದಿಲ್ಲರೀ," ಎಂದಳು ಜಿನ್ನವ್ವ, ಉಸಿರಿನ ನಡುನಡುವೆ. "ಉಟ್ಟ ಸೀರಿ. ಉಟ್ಟಕೊಂಡs ಬರತೀನಿ. ಜೀಪಿನ್ಯಾಗ ಎಲ್ಲಿ ಕೂಡಬೇಕು ಹೇಳ್ರಿ."

"ಅಲ್ಲ ಅಜ್ಜಿ, ಅಷ್ಟ ದೂರ..."

"ಇಲ್ಲಿ ಕುಂತ್ರ ಉಸರ ಬರೂದಿಲ್ಲ. ಅಲ್ಲಿತನಾ ಬಂದ್ರ ಬರತೈತಿ. ಆದ್ರ ಹೊತ್ತ ಮುಳಗೂದರಾಗ ತಂದ ಬಿಡಬೇಕು. ನಾ ಆಮ್ಯಾಲ ಏನೂ ತಿನ್ನೂದಿಲ್ಲ."

ಹೀಗೆ ಚುರಮರಿ ಓಣಿಯ ದೆವ್ವ ಸರಕಾರಿ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತು, ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು ಬೆಳಗಾವಿಗೆ ಹೊರಟಿತು. ಅಲ್ಲವ್ವ ಕೈಮುಗಿದಳು. ಏಕೆ ಮುಗಿದಳೋ ಅವಳಿಗೇ ತಿಳಿಯಲಿಲ್ಲ.

ಆ ದಿನ ಜಿನದತ್ತ ಅಂಗಡಿ ತೆರೆಯಲಿಲ್ಲ. ಕಟ್ಟೆಯ ಮೇಲೆ ಕುಳಿತು ರಸ್ತೆ ನೋಡಿದ. ಬೇವಿನ ನೆರಳು ಉದ್ದವಾಗಿ ಓಣಿ ದಾಟುವ ಹೊತ್ತಿಗೆ ಜೀಪು ಬಂತು. ಜಿನ್ನವ್ವ ಇಳಿದು, ಸೇರಿದ ಜನರನ್ನು ಒಮ್ಮೆ ನೋಡಿ, "ದೊಡ್ಡ ಸಾಹೇಬರ ಟೇಬಲ್ ಮ್ಯಾಗs ಕೆಮ್ಮಿ ಬಂದ್ನಿ," ಎಂದಷ್ಟೇ ಹೇಳಿ ರೊಟ್ಟಿ ಉಣ್ಣಲು ಒಳಗೆ ಹೋದಳು. ಜೀಪಿನ ಸಾಹೇಬರು ಶೆಟ್ಟೆಪ್ಪನ ಕೈಗೊಂದು ಕಾಗದ ಕೊಟ್ಟರು. ಟೈರು ಸುಟ್ಟರೆ ಭಟ್ಟಿಗೆ ಬೀಗ ಎಂದು ಅದರಲ್ಲಿತ್ತು. ದೆವ್ವಕ್ಕೆ ಹಸಿವಾದರೆ ಯಾರು ಹೊಣೆ ಎಂದು ಶೆಟ್ಟೆಪ್ಪ ಸಣ್ಣಗೆ ಕೇಳಿದ. "ಈಗ ರೊಟ್ಟಿ ಉಣ್ಣಾಕತ್ತೈತಲ್ರಿ," ಎಂದ ವಿಶಾಲ.

ಮರುದಿನ ನಸುಕಿನಲ್ಲಿ ಜಿನದತ್ತ ಸ್ನಾನ ಮಾಡಿ, ಬಿಳಿ ಉಟ್ಟು, ಹಿಂದಿನ ಖೋಲಿಗೆ ಇಣುಕಿದ. ಹಾಸಿಗೆ ಬರಿದಾಗಿತ್ತು. ಕೆಮ್ಮಿನ ಸದ್ದೂ ಇರಲಿಲ್ಲ. ಓಡಿ ಹೊರಗೆ ಬಂದರೆ ಜಿನ್ನವ್ವ ಬಾಗಿಲ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ಓಣಿ ಈ ತುದಿಯಿಂದ ಆ ತುದಿಯವರೆಗೂ ಕಾಣುತ್ತಿತ್ತು. ಅವನು ಸದ್ದು ಮಾಡದೆ ಅವಳ ಪಕ್ಕದಲ್ಲಿ ಕುಳಿತ. ಮುಂದಿನ ಉಸಿರಿಗಾಗಿ ಕಾದ. ಅದು ಬಂತು. ಅದರ ನಂತರದ್ದೂ ಬಂತು.

ಅಲ್ಲವ್ವ ಅಂಗಳಕ್ಕೆ ನೀರು ಹಾಕಲು ಬಾಗಿಲು ತೆರೆದಳು. ಎದುರಿಗೆ ಬಿಳಿ ಬಟ್ಟೆಯ ಎರಡು ಆಕೃತಿಗಳು ಅಲ್ಲಾಡದೆ ಕುಳಿತಿದ್ದವು. ತಂಬಿಗೆ ಅವಳ ಕೈಯಲ್ಲೇ ಉಳಿಯಿತು.

"ಯಾರ್ರಿ ಅದು?"

"ನಾವs ಅಲ್ಲವ್ವಾ," ಎಂದಳು ಜಿನ್ನವ್ವ. "ಏನಿಲ್ಲ. ಉಸರಾಡಾಕತ್ತೇವಿ."